ಹದಿನೇಳಕ್ಕೆ ಕೊನೆಯ ಕರೆ

“ನನ್ನ ಮಗ ಉತ್ತರ ಕೊಡಲಿಲ್ಲ ಅಂತ ಊರಿಗೆಲ್ಲ ಸಾರಬೇಡ ಕಣೇ,” ಎಂದು ಸತ್ತ ಪೊಲೀಸಿನವನ ತಾಯಿ ವೈರ್‌ಲೆಸ್ ಮೇಜಿಗೆ ಕೈ ಅಡ್ಡವಿಟ್ಟು ಕೂತುಬಿಟ್ಟಳು. “ಊಟಕ್ಕೆ ಕರೆದ್ರೂ ಒಂದೇ ಕೂಗಿಗೆ ‘ಬಂದೆ’ ಅಂತಿದ್ದ. ಈಗ ಅವನ ಮೇಲೆ ಇಲ್ಲದ ಮಾತು ಯಾಕೆ?”

ಕಂಟ್ರೋಲ್ ರೂಮಿನ ಆಪರೇಟರ್ ಮೈಕನ್ನು ತನ್ನತ್ತ ಎಳೆದುಕೊಂಡಳು. ಕರ್ತವ್ಯದಲ್ಲಿ ಮಡಿದವರ ನೆನಪಿನ ದಿನ ಇಲಾಖೆಯ ಪದ್ಧತಿಯೇ ಹಾಗೆ: ಊರಿನ ಎಲ್ಲ ವಾಕಿಟಾಕಿಗಳಿಗೂ ಕೇಳುವಂತೆ ಸತ್ತವನ ಗಾಡಿ ನಂಬರನ್ನು ಮೂರು ಸಲ ಕರೆಯಬೇಕು, ಆಮೇಲೆ ‘ಉತ್ತರವಿಲ್ಲ, ಕರ್ತವ್ಯ ಮುಗಿದಿದೆ’ ಎನ್ನಬೇಕು. ಉರಿಯುವ ಬಸ್ಸಿನಿಂದ ಜನರನ್ನು ಒಬ್ಬೊಬ್ಬರಾಗಿ ಹೊರಗೆಳೆದು, ಕೊನೆಯವರಿಗಾಗಿ ಮತ್ತೆ ಒಳಹೊಕ್ಕ ಆ ಹುಡುಗನನ್ನು ಅಂದು ಗಂಟಲು ಹರಿಯುವಂತೆ ಕರೆದವಳೂ ಇವಳೇ. ಇವತ್ತು ಅದೇ ನಂಬರನ್ನು ಮತ್ತೆ ಕರೆಯಬೇಕಿತ್ತು.

“ನಾನೇನ್ ಮಾಡ್ಲಿ ಅಮ್ಮ? ಪರೇಡ್ ಮೈದಾನದಲ್ಲಿ ಸಾಹೇಬ್ರು ಕಾಯ್ತಿದ್ದಾರೆ.”

“ನಿಮ್ಮ ಸಾಹೇಬ್ರೇನು ಅವನನ್ನ ಹೆತ್ರಾ?”

ಆಪರೇಟರ್ ಮೈಕಿನ ಗುಂಡಿ ಒತ್ತಿದಳು. “ಹದಿನೇಳು, ಹದಿನೇಳು, ಕಂಟ್ರೋಲ್ ಕರೀತಿದೆ.” ಬರೀ ಗರಗರ. ಎರಡನೇ ಸಲವೂ ಅದೇ ಗರಗರ. ಮೂರನೇ ಸಲ ಕರೆದು, ಆ ಹಾಳು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ತಾಯಿ ಮೈಕನ್ನೇ ಕಸಿದುಕೊಂಡಳು.

“ಬಂದೆ! ಹದಿನೇಳರ ಅಮ್ಮ ಮಾತಾಡ್ತಿದೀನಿ. ಏನ್ ಕೆಲಸ ಹೇಳಿ!”

ತನ್ನ ನೌಕರಿಯ ಕಥೆ ಮುಗಿಯಿತೆಂದು ಆಪರೇಟರ್ ತಲೆ ಮೇಲೆ ಕೈಹೊತ್ತಳು. ತಾಯಿಯ ಹೆಬ್ಬೆರಳು ಗುಂಡಿಯನ್ನು ಬಿಡಲೊಲ್ಲದು. ಅದು ಬಿಡುವತನಕ ಆ ಕಡೆಯವರ ಮಾತು ಈ ಕಡೆ ಕೇಳಿಸುವುದಿಲ್ಲ.

“ಅಮ್ಮ, ಬೆರಳು ತೆಗೀರಿ!”

ಬೆರಳು ತೆಗೆದದ್ದೇ ತಡ, ವೈರ್‌ಲೆಸ್ ಗುಡುಗಿತು. “ಮೂರು ಬಂದೆ, ಹದಿನೇಳರ ಜೊತೆಗಿದ್ದೀನಿ!” “ಒಂಬತ್ತು ಬಂದೆ!” ಸಿಗ್ನಲ್ಲಿನಲ್ಲಿ ನಿಂತವರು, ಜೈಲಿನ ಗೇಟಿನವರು, ಪಾಳಿ ಮುಗಿಸಿ ಮನೆಗೆ ಹೊರಟವರು, ಎಲ್ಲರೂ ನಾ ಮುಂದು ತಾ ಮುಂದು ಎಂದು ಓಗೊಡುತ್ತಿದ್ದರು. ಆಪರೇಟರಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ತೊಟ್ಟ ಖಾಕಿಯ ಬಗ್ಗೆ ಇಷ್ಟು ಹೆಮ್ಮೆ ಅವಳಿಗೆ ಎಂದೂ ಆಗಿರಲಿಲ್ಲ.

ಗದ್ದಲ ಅಡಗಿದ ಮೇಲೆ ಸಾಹೇಬರ ದಪ್ಪ ದನಿ ಬಂತು. “ಕಂಟ್ರೋಲ್, ಹದಿನೇಳು ಉತ್ತರ ಕೊಟ್ಟನಾ?”

ಅವಳು ತಟ್ಟನೆ ಎದ್ದು ನಿಂತಳು. “ಕೊಟ್ಟ ಸಾರ್!”

ತಾಯಿ ಕಣ್ಣೊರೆಸಿಕೊಂಡು ಮೈಕನ್ನು ಮತ್ತೆ ಅವಳ ಕಡೆ ತಳ್ಳಿದಳು. “ಇನ್ನೊಂದ್ಸಲ ಕೂಗೇ, ತಾಯಿ. ಇನ್ನೊಂದೇ ಸಲ.”