ಬೆಸುಗೆಯ ಗೆರೆ

ಆಸಿಡ್ ತೊಟ್ಟಿಯಿಂದ ಮೇಲೆತ್ತಿದ ಸ್ಟೀಲ್ ಪೈಪನ್ನು ನೀರಿನಲ್ಲಿ ಜಾಲಿಸಿ ಬೆಳಕಿಗೆ ಹಿಡಿದ ಸುನ್‌ಡೋಕ್ ಅದನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಪೈಪೇನೋ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಎರಡು ತುಂಡುಗಳು ಕೂಡುವಲ್ಲಿ ಬೆಸುಗೆಯ ಗೆರೆ ಅಂಕುಡೊಂಕು. ಅದರುದ್ದಕ್ಕೂ ಸೂಜಿಯಿಂದ ಚುಚ್ಚಿದಂಥ ತೂತುಗಳು. ಇನ್ನೊಂದನ್ನು ಎತ್ತಿದಳು. ಅದೂ ಹಾಗೆಯೇ ಇತ್ತು.

ಸಿಯೋಲ್ ನಗರದ ಮುಲ್ಲೆ ಗಲ್ಲಿಯಲ್ಲಿ ಅವಳೂ ಗಂಡ ತೇಗಿಲನೂ ಕರೆಂಟು ಹರಿಸಿ ಸ್ಟೀಲಿಗೆ ಹೊಳಪು ಕೊಡುವ ಕೆಲಸ ಮಾಡುತ್ತಿದ್ದರು. ತೊಟ್ಟಿ ನೋಡಿಕೊಳ್ಳುವುದು ಅವಳು, ಬಂದ ಮಾಲನ್ನು ತೊಟ್ಟಿಗೆ ಅಣಿ ಮಾಡುವುದು ಅವನು. ಇವತ್ತು ಅವನು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದ. ಸುಮ್ಮನೆ ಯಾಕೆ ಕೂರುವುದೆಂದು ಪೈಪುಗಳ ಜಿಡ್ಡು ತೊಳೆದು ತಾನೇ ತೊಟ್ಟಿಗೆ ಇಳಿಬಿಟ್ಟಿದ್ದಳು.

ಅಷ್ಟರಲ್ಲಿ ಎದುರು ಶೆಡ್ಡಿನ ಮಾನ್‌ಬೋಕ್ ಒಳಗೆ ಬಂದ. ಅರವತ್ತು ದಾಟಿದ ಆಸಾಮಿ. ಆ ಪೈಪುಗಳನ್ನು ಬೆಸೆದವನು ಅವನೇ.

"ಏನ್ ತಂಗ್ಯಮ್ಮ, ಗಂಡ ಇಲ್ದಿದ್ರೆ ಅಂಗಡಿ ಇಷ್ಟು ತಣ್ಣಗಿರುತ್ತಾ? ವಾರಕ್ಕೊಂದು ಹಲ್ಲು ಕೀಳಿಸು ಅವನಿಗೆ."

ಅವಳು ನಗಲಿಲ್ಲ. "ಅಣ್ಣಾ, ನಿಮ್ಮ ಮಾಲು ಕೆಡಿಸ್ಬಿಟ್ಟೆ ಅನ್ಸುತ್ತೆ. ಕರೆಂಟು ಜಾಸ್ತಿ ಆಯ್ತೋ, ತೊಟ್ಟಿ ಬಿಸಿ ಆಯ್ತೋ, ಗೊತ್ತಾಗ್ತಿಲ್ಲ."

ಮಾನ್‌ಬೋಕ್ ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗಿಳಿಸಿ ಪೈಪನ್ನು ತಿರುಗಿಸಿ ನೋಡಿದ. ಬೆಸುಗೆಯ ಮೇಲೆ ಉಗುರಾಡಿಸಿದ. ಉಗುರು ಅಲ್ಲಲ್ಲಿ ಸಿಕ್ಕಿಕೊಂಡಿತು.

"ತೊಟ್ಟಿ ಸರಿಯಾಗೇ ಇದೆ. ಇದು ನನ್ನ ಕೈಯ ಕೆಲಸ, ತಾಯಿ."

"ಸುಮ್ನಿರಿ ಅಣ್ಣಾ. ಹೋದ ಸಲದ ಮಾಲೂ ನಾನೇ ಅದ್ದಿದ್ದು. ಬೆಸುಗೆ ಎಲ್ಲಿದೆ ಅಂತ ಹುಡುಕ್ಬೇಕಿತ್ತು, ಅಷ್ಟು ನುಣ್ಣಗಿತ್ತು."

"ಅದೇ ನಾನೂ ಯೋಚ್ನೆ ಮಾಡ್ತಿರೋದು," ಎಂದ ಮಾನ್‌ಬೋಕ್.

ತೇಗಿಲ್ ಬಾಯಲ್ಲಿ ಹತ್ತಿ ಕಚ್ಚಿಕೊಂಡು, ಕೆನ್ನೆ ಊದಿಸಿಕೊಂಡು ಬಾಗಿಲಲ್ಲಿ ನಿಂತ. ಹೊಳೆಯುತ್ತಿದ್ದ ಪೈಪು ಕಂಡಿತು. ಅವನ ಕಣ್ಣು ತನಗರಿವಿಲ್ಲದೆಯೇ ಮೂಲೆಯಲ್ಲಿದ್ದ, ಲೋಹ ಉಜ್ಜುವ ಗ್ರೈಂಡರಿನ ಕಡೆ ಹೋಗಿ ವಾಪಸು ಬಂತು. ಮಾನ್‌ಬೋಕನಿಗೆ ಅಷ್ಟು ಸಾಕಾಯಿತು.

"ಯಾವಾಗಿಂದ ನನ್ನ ಬೆಸುಗೆ ಉಜ್ತಿದ್ದೀಯ?"

ತೇಗಿಲ್ ಬಾಯಿ ತೋರಿಸಿ, ಮಾತಾಡಲಾಗದೆಂದು ಕೈಯಾಡಿಸಿದ.

"ಉಗಿ ಅದನ್ನ."

ಉಗಿದ. "ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕಿದ್ವಲ್ಲ, ಆಗಿಂದ."

"ನಾನು ಗಲ್ಲಿಯೆಲ್ಲಾ ಹೇಳ್ಕೊಂಡು ತಿರುಗ್ತಿದ್ದೆನಲ್ಲೋ! ವಯಸ್ಸಾಗ್ತಾ ನನ್ನ ಬೆಸುಗೆ ಇನ್ನೂ ಚೆನ್ನಾಗಿ ಬರ್ತಿದೆ ಅಂತ."

"ಅಣ್ಣಾ, ಈ ತೊಟ್ಟಿ ಇಟ್ಟಾಗ ಯಾರೂ ನನ್ನ ನಂಬಿ ಮಾಲು ಕೊಡ್ಲಿಲ್ಲ. ನೀವು ಕೊಟ್ರಿ. ನಿಮಗೋಸ್ಕರ ಒಂಚೂರು ಉಜ್ಜಿದ್ರೆ ಏನಾಯ್ತು?"

"ತೂತು ಮಾಯ ಆಗೋವರೆಗೂ ಉಜ್ಜಿದ್ದೀಯ. ಪೈಪು ಅಲ್ಲಿ ಎಷ್ಟು ತೆಳ್ಳಗಾಗಿರುತ್ತೆ ಹೇಳು? ಕಾರ್ಖಾನೇಲಿ ಇದರೊಳಗೆ ಕುದಿಯೋ ಸೋಯಾ ಹಾಲು ಒತ್ತಿಕೊಂಡು ಹರಿಯುತ್ತೆ. ಪಕ್ಕದಲ್ಲೇ ಹೆಂಗಸರು ನಿಂತು ಕೆಲಸ ಮಾಡ್ತಾರೆ."

ತೇಗಿಲ್ ತಲೆ ತಗ್ಗಿಸಿದ. ಈ ಯೋಚನೆ ಅವನಿಗೆ ಬಂದಿರಲಿಲ್ಲವೆಂದಲ್ಲ. ಬಂದಾಗಲೆಲ್ಲ ಆಚೆ ತಳ್ಳಿದ್ದ.

ಮಾನ್‌ಬೋಕ್ ಜೇಬಿನಿಂದ ಫೋನು ತೆಗೆದ. ತೇಗಿಲ್ ಮುಂದೆ ಬಂದು ಅವನ ಮಣಿಕಟ್ಟು ಹಿಡಿದುಕೊಂಡ. "ನಾನು ಮಾಡ್ತೀನಿ ಕೊಡಿ. ಹೊಳಪು ಕೊಡೋವಾಗ ನನ್ನಿಂದ ಹಾಳಾಯ್ತು ಅಂತೀನಿ. ನಿಮ್ಮ ಹೆಸರು ಯಾಕೆ? ಆಮೇಲೆ ಯಾರೂ ನಿಮ್ಮನ್ನ ಕೆಲಸಕ್ಕೆ ಕರಿಯಲ್ಲ."

ತೇಗಿಲನ ಬೆರಳುಗಳೊಳಗೆ ಆ ಮಣಿಕಟ್ಟು ಸಣ್ಣಗೆ ನಡುಗುತ್ತಿತ್ತು. ಮಾನ್‌ಬೋಕ್ ಮೆಲ್ಲಗೆ ಬಿಡಿಸಿಕೊಂಡು ಸೋಯಾ ಹಾಲಿನ ಕಾರ್ಖಾನೆಗೆ ಫೋನು ಹಚ್ಚಿದ.

"ಯಜಮಾನಮ್ಮಾ, ವೆಲ್ಡಿಂಗ್ ಮಾನ್‌ಬೋಕ್ ಮಾತಾಡ್ತಿರೋದು. ಯಂತ್ರ ಈಗಲೇ ನಿಲ್ಸಿ. ಚಳಿಗಾಲದಿಂದ ಈಚೆಗೆ ನಾನು ಕೊಟ್ಟ ಪೈಪೆಲ್ಲಾ ಬಿಚ್ಚಿಸಿ... ಇಲ್ಲಮ್ಮ, ಸ್ಟೀಲು ಚೆನ್ನಾಗೇ ಇದೆ. ನನ್ನ ಕೈ ನಡುಗುತ್ತೆ... ಹೌದು. ನಂಗೆ ಗೊತ್ತಿತ್ತು."

ಫೋನಿನಲ್ಲಿ ಯಂತ್ರದ ಗುಂಯ್ ಸದ್ದು ಕೇಳುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಅದು ನಿಂತಿತು.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಕಾರ್ಖಾನೆಯ ಯಜಮಾನಮ್ಮನೇ ಫೋನು ಮಾಡಿದಳು. ಪೈಪು ಬಿಚ್ಚಿ ನೋಡಿದಾಗ ಒಂದು ಬೆಸುಗೆಯ ಹೊರಗೆ ಹಾಲು ಜಿನುಗಿ ಒಣಗಿತ್ತಂತೆ. ಯಾರಿಗೂ ಏನೂ ಆಗಿರಲಿಲ್ಲ. ಬಾಯಿಗೆ ಬಂದಂತೆ ಬೈದಳು. ಇನ್ನು ಈ ಕಡೆ ಮಾಲು ಕಳಿಸುವುದಿಲ್ಲ ಎಂದಳು. ಕೊನೆಗೆ, "ಊಟ ಆಯ್ತಾ?" ಎಂದು ಕೇಳಿ ಇಟ್ಟಳು.

ಊಟ ಯಾರದೂ ಆಗಿರಲಿಲ್ಲ. ಸುನ್‌ಡೋಕ್ ಒಲೆ ಹಚ್ಚಿ ಮೊಳಕೆಕಾಳಿನ ಸಾರು ಬಿಸಿ ಮಾಡಿದಳು. ಮಾನ್‌ಬೋಕ್ ಅವಳ ಸಾರು ಮುಟ್ಟಿ ತಿಂಗಳುಗಳೇ ಆಗಿದ್ದವು. ಹೊಟ್ಟೆ ಸರಿಯಿಲ್ಲವೆಂದು ಹೇಳಿ, ಅನ್ನದ ಉಂಡೆಯೊಂದನ್ನು ಮುಷ್ಟಿಯಲ್ಲಿ ಹಿಡಿದು ನಿಂತೇ ತಿಂದು ಹೋಗುತ್ತಿದ್ದ. ಇವತ್ತು ಸ್ಟೂಲು ಎಳೆದುಕೊಂಡು ಕೂತ.

"ನಂಗೂ ಒಂದು ಬಟ್ಟಲು ಹಾಕು ತಂಗ್ಯಮ್ಮ."

ಚಮಚ ಬಾಯಿ ಮುಟ್ಟುವಷ್ಟರಲ್ಲಿ ಅರ್ಧ ಸಾರು ಮೇಜಿನ ಮೇಲೆ ಚೆಲ್ಲಿತ್ತು. ಸುನ್‌ಡೋಕಳ ಕೈ ಒರೆಸುವ ಬಟ್ಟೆಯ ಕಡೆ ಹೋಗಿ, ಅಲ್ಲೇ ನಿಂತಿತು. ಮಾನ್‌ಬೋಕ್ ಇನ್ನೊಂದು ಚಮಚ ತುಂಬಿಕೊಂಡ.