ಹುಳ ಹಣ್ಣಾದ ದಿನ

ಬೆಳಿಗ್ಗೆ ಏಳಕ್ಕೆಲ್ಲ ಹುಳುಮನೆಯಲ್ಲಿ ಮೇಯುವ ಸದ್ದು ನಿಂತುಹೋಗಿತ್ತು. ರೇಷ್ಮೆಹುಳುಗಳೆಲ್ಲ ಹಣ್ಣಾಗಿ, ಮೈ ಹಳದಿ ತಿರುಗಿ, ಸೊಪ್ಪು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತಿದ್ದವು. ಒಂದೊಂದನ್ನೂ ಕೈಯಲ್ಲಿ ಆರಿಸಿ, ಗೂಡು ಕಟ್ಟಲೆಂದೇ ಹೆಣೆದ ಬಿದಿರಿನ ತಟ್ಟಿ ಚಂದ್ರಿಕೆಗೆ ಬಿಡಬೇಕು. ಬಿಡದಿದ್ದರೆ ಮಧ್ಯಾಹ್ನದ ಹೊತ್ತಿಗೆ ಕಂಡಕಂಡಲ್ಲಿ ನೂಲು ಕಕ್ಕಿ ಬೆಳೆಯೆಲ್ಲ ಹಾಳು. ಹತ್ತಿರಹತ್ತಿರ ನಲವತ್ತು ಸಾವಿರ ಹುಳ. ಮನೆಯಲ್ಲಿದ್ದದ್ದು ನಾಲ್ಕೇ ಕೈ: ಆವಲಪ್ಪನವೆರಡು, ಮಗ ಸುನೀಲ್‌ಕುಮಾರನವೆರಡು.

"ಎಲ್ಲಾ ಒಂದೇ ಸಲ ಹಣ್ಣಾಗ್ಲಿ ಅಂತ ಔಷಧ ಹೊಡೆದೆ ಅಪ್ಪ. ಚಿಂತಾಮಣಿ ಕಡೆಯಿಂದ ಎಂಟು ಆಳು ಬರ್ತಾರೆ ಅಂದಿದ್ದ ಟೆಂಪೋದವನು." ಸುನೀಲ ಫೋನನ್ನು ಜೇಬಿಗೆ ತುರುಕಿದ. "ಈಗ ನೋಡಿದ್ರೆ ನಂದಿ ಹತ್ರ ದ್ರಾಕ್ಷಿ ಕೀಳೋಕೆ ಕರ್ಕೊಂಡು ಹೋಗಿದಾನಂತೆ."

"ಊರವರನ್ನ ಕೇಳ್ದಾ?"

"ಊರ ವಾಟ್ಸಾಪ್ ಗ್ರೂಪಲ್ಲಿ ಹಾಕಿದೀನಿ. ಮೂವತ್ತೆಂಟು ಜನ ನೋಡಿದಾರೆ. ಇಬ್ರು ಕೈ ಮುಗಿದಿರೋ ಬೊಂಬೆ ಕಳ್ಸಿದಾರೆ, ಅಷ್ಟೇ."

ಆವಲಪ್ಪ ಹೊರಗೆ ಬಂದ. ಇಪ್ಪತ್ತು ವರ್ಷ ಪಂಚಾಯ್ತಿ ಮೆಂಬರಾಗಿದ್ದವನು ಅವನು. ಆಫೀಸು ಅಂತ ಒಂದಿರಲಿಲ್ಲ. ಯಾರ ಮನೆಯಲ್ಲಿ ಹುಳ ಹಣ್ಣಾದರೂ ಹೊತ್ತು ಹುಟ್ಟುವ ಮೊದಲೇ ಹೆಂಡತಿ ವರಲಕ್ಷ್ಮಮ್ಮನ ಜೊತೆ ಹೋಗಿ, ಪಂಚೆ ಎತ್ತಿಕಟ್ಟಿ, ಹೆಂಗಸರ ಮಧ್ಯೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದ. ಹುಳ ಆರಿಸುವಾಗ ಕೈಯೂ ನಿಲ್ಲುವುದಿಲ್ಲ, ಬಾಯಿಯೂ ನಿಲ್ಲುವುದಿಲ್ಲ. ಯಾರ ನಲ್ಲಿಗೆ ನೀರಿಲ್ಲ, ಯಾವ ಅಜ್ಜಿಯ ಪಿಂಚಣಿ ನಿಂತಿದೆ, ಎಲ್ಲ ಅಲ್ಲೇ ಕಿವಿಗೆ ಬೀಳುತ್ತಿತ್ತು. ತಮ್ಮ ಮನೆಯ ಹುಳ ಹಣ್ಣಾದ ದಿನ ಯಾರನ್ನೂ ಕರೆಯಬೇಕಿರಲಿಲ್ಲ. ವರಲಕ್ಷ್ಮಮ್ಮ ಮೊದಲ ಚಂದ್ರಿಕೆಗೆ ಅರಿಶಿನ ಕುಂಕುಮ ಇಟ್ಟು ತಿರುಗುವಷ್ಟರಲ್ಲಿ ಬಾಗಿಲ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚಪ್ಪಲಿ. ಈಗ ಅವಳಿಲ್ಲ. ಮೆಂಬರ್‌ಗಿರಿ ಮಗನಿಗೆ ಬಂದಿದೆ. ಬಸ್‌ಸ್ಟಾಂಡಿನ ಎದುರು ಗಾಜಿನ ಬಾಗಿಲಿನ ಆಫೀಸೂ ಬಂದಿದೆ.

ಎದುರು ಮನೆಯ ಶ್ಯಾಮಲಮ್ಮ ಅಂಗಳ ಗುಡಿಸುತ್ತಿದ್ದಳು.

"ನಮ್ಮ ಹುಳ ಹಣ್ಣಾಗಿದೆ ಶ್ಯಾಮಲಮ್ಮ."

"ಸೆಲ್ಲಲ್ಲಿ ನೋಡಿದೆ ಅಣ್ಣ." ಪೊರಕೆ ನಿಲ್ಲಲಿಲ್ಲ. "ಮೆಂಬರ್ ಸಾಹೇಬ್ರ ಆಫೀಸು ಹತ್ತರಿಂದ ಒಂದು ಅಲ್ವಾ? ಇನ್ನೂ ಏಳೂವರೆ. ಹುಳಕ್ಕೂ ಸ್ವಲ್ಪ ಕಾಯೋಕೆ ಹೇಳು."

"ಹುಡುಗ ಕಣಮ್ಮ, ಅನುಭವ ಸಾಲ್ದು. ನೀನು ಮನಸ್ಸಿಗೆ ಹಚ್ಕೋಬೇಡ."

ಈಗ ಪೊರಕೆ ನಿಂತಿತು. "ಹುಡುಗನ ಮೇಲೆ ಯಾಕಣ್ಣ ಹಾಕ್ತೀಯ? ಕಾರ್ತೀಕದಲ್ಲಿ ನಮ್ಮ ಹುಳ ಹಣ್ಣಾದಾಗ ಬಂದಿದ್ದ ಅವನು. ಇಗೋ, ಇಲ್ಲೇ ಚಪ್ಪಲಿ ಬಿಟ್ಟು ತೋಳು ಮಡಚ್ತಾ ಇದ್ದ. ನಿನ್ನ ಫೋನ್ ಬಂತು. ಸ್ಪೀಕರ್ ಹಾಕಿದ್ದ, ಒಳಗೆ ಕೂತಿದ್ದ ಹದಿನಾರು ಜನಾನೂ ಕೇಳಿಸ್ಕೊಂಡ್ವಿ. ನಮಗೆ ಕೇಳಿಸ್ತು ಅಂತಾನೂ ಗೊತ್ತಿಲ್ದೆ ಚಪ್ಪಲಿ ಮೆಟ್ಕೊಂಡು ಹೊರಟುಹೋದ."

ಆವಲಪ್ಪ ತನ್ನ ಮನೆಯ ಬಾಗಿಲತ್ತ ತಿರುಗಿ ನೋಡಿದ. ಆಡಿದ ಮಾತು ಒಂದಕ್ಷರ ಬಿಡದೆ ನೆನಪಿತ್ತು. 'ಮೆಂಬರಾಗಿ ಹೆಂಗಸರ ಮಧ್ಯೆ ಕೂತು ಹುಳ ಆರಿಸ್ತೀಯೇನೋ? ನಾನು ಇಪ್ಪತ್ತು ವರ್ಷ ಅವರ ಮನೆ ಕಸ ಬಳಿದಿದ್ದು ಸಾಲ್ದಾ? ಎದ್ದು ಬಾ.' ಮಗನಾದರೂ ಬೆನ್ನು ಬಗ್ಗಿಸದೆ ಇರಲಿ ಎಂಬ ಅಕ್ಕರೆಯಲ್ಲಿ ಆಡಿದ ಮಾತು ಅದು. ಆ ಇಪ್ಪತ್ತು ವರ್ಷ ಅವನಿಗೆ ಯಾವತ್ತೂ ಕಸ ಅನ್ನಿಸಿರಲಿಲ್ಲ. ಹಾಗಿದ್ದೂ ಆ ಹೊತ್ತಿನಲ್ಲಿ ನಾಲಿಗೆಗೆ ಬಂದದ್ದು ಅದೇ.

"ಸರಿ ಬಿಡು, ನಡಿ, ಬರ್ತೀನಿ," ಎಂದಳು ಶ್ಯಾಮಲಮ್ಮ, ಕೈ ತೊಳೆಯುತ್ತ. "ನಿನ್ನ ಮುಖ ನೋಡಿ ಅಲ್ಲ. ಅದು ವರಲಕ್ಷ್ಮಕ್ಕನ ಹುಳುಮನೆ."

ಇನ್ನೆರಡು ಬಾಗಿಲು ತಟ್ಟಬೇಕೆಂದು ಹೊರಟಿದ್ದ ಆವಲಪ್ಪ ತಟ್ಟಲಿಲ್ಲ. ಕೈವಾರದ ಮಠದ ದಿಕ್ಕಿಗೆ ತಿರುಗಿ, ಅಲ್ಲಿನ ಯೋಗಿಯನ್ನು 'ತಾತಯ್ಯಾ' ಎಂದು ನೆನೆದು ಕೈ ಮುಗಿದು, ಅವಳ ಹಿಂದೆ ತನ್ನ ಮನೆಗೇ ನಡೆದ.

ಮೂವರೂ ನೀರು ಸಹ ಕುಡಿಯದೆ ಆರಿಸಿದರು. ಶ್ಯಾಮಲಮ್ಮನ ಬೆರಳು ನೋಡುನೋಡುತ್ತ ಒಂದು ಚಂದ್ರಿಕೆ ತುಂಬಿಸುತ್ತಿದ್ದವು. ಆದರೂ ಹುಳ ಅವರಿಗಿಂತ ಮುಂದಿತ್ತು. ಹೊತ್ತು ಇಳಿಯುವಷ್ಟರಲ್ಲಿ ಅರ್ಧಕ್ಕರ್ಧ ಕೈ ತಪ್ಪಿಹೋಗಿತ್ತು. ಹುಳ ಸಾಕುವ ಸ್ಟ್ಯಾಂಡಿನ ಕಾಲಿನಲ್ಲಿ, ಕರೆಂಟು ವೈರಿನಲ್ಲಿ, ಗೋಣಿಚೀಲದ ಮಡಿಕೆಯಲ್ಲಿ, ಎಲೆಕ್ಷನ್ ಗೆದ್ದ ದಿನ ಹೊದಿಸಿ ಆಮೇಲೆ ಮೊಳೆಗೆ ನೇತುಹಾಕಿದ್ದ ಸುನೀಲನ ಶಾಲಿನಲ್ಲಿ, ಎಲ್ಲೆಂದರಲ್ಲಿ ಬಿಳಿ ಎಳೆ.

ಸುನೀಲ ಗೋಡೆಗೊರಗಿ ಕುಸಿದ. ಅವನು ತಾನೇ ನಿಂತು ಸಾಕಿದ ಮೊದಲನೇ ಬೆಳೆ. "ಯಾಕಪ್ಪ ಒಬ್ರೂ ಬರ್ಲಿಲ್ಲ? ನಾನೇನು ತಪ್ಪು ಮಾಡ್ದೆ?"

ಶ್ಯಾಮಲಮ್ಮ ತಲೆಯೆತ್ತಿ ಆವಲಪ್ಪನನ್ನು ನೋಡಿದಳು. ಹೇಳಬೇಕಾದವಳು ತಾನಲ್ಲ ಎಂಬಂತೆ ಕಾದಳು.

ಆವಲಪ್ಪ ಕೈಯಲ್ಲಿದ್ದ ಹುಳವನ್ನು ಚಂದ್ರಿಕೆಗೆ ಬಿಟ್ಟ. "ಕಾಲ ಹಂಗಿದೆ ಕಣಪ್ಪ," ಎಂದ.

ಅವಳು ತಲೆ ತಗ್ಗಿಸಿ ಮತ್ತೆ ಹುಳ ಆರಿಸತೊಡಗಿದಳು.

ಎದುರಿನ ಗೋಡೆಯಲ್ಲಿ ವರಲಕ್ಷ್ಮಮ್ಮನ ಪಟ. ಅದಕ್ಕೆ ಹಾಕಿದ್ದ ಗಂಧದ ಹಾರಕ್ಕೂ ಗಾಜಿಗೂ ನಡುವೆ ಹುಳವೊಂದು ಸೇರಿಕೊಂಡು, ಅವಳ ಕಣ್ಣಿಗೆ ಅಡ್ಡವಾಗಿ ಎಳೆಯ ಮೇಲೆ ಎಳೆ ಹಾಕುತ್ತಿತ್ತು. ತೆಗೆಯಲೆಂದು ಆವಲಪ್ಪ ಎದ್ದು ಕೈ ಎತ್ತಿದ. ಆ ಕಣ್ಣನ್ನು ಅದು ಪೂರ್ತಿ ಮುಚ್ಚಲಿ ಎಂಬಂತೆ, ಕೈ ಇಳಿಸಿದ.