ಬೀಗತಿಗೆ ಹಾಕಿದ ಫಿಲ್ಟರು

ಮನೆಗೆ ಬಂದವರ ಮಾಸ್ಕಿಗೆ ಮೊದಲು ಹೊಸ ಫಿಲ್ಟರು, ಆಮೇಲೆ ಕಾಲಿಗೆ ನೀರು. ಗಣಿಯ ಕೆಂಧೂಳು ಕೆಳಗಿಳಿಯುವುದನ್ನೇ ಮರೆತ ಮೇಲೆ ಆ ಊರಲ್ಲಿ ಬೆಳೆದ ಪದ್ಧತಿ ಇದು. ಹಾಕಿಕೊಟ್ಟ ಫಿಲ್ಟರನ್ನು ಯಾರೂ ಬೇಡವೆನ್ನುವಂತಿಲ್ಲ.

ಮಗಳ ಅತ್ತೆ ಈರಮ್ಮ ಬಾಗಿಲಿಗೆ ಬಂದಾಗ ಹಂಪಮ್ಮ ಡಬ್ಬಿ ತೆರೆದಳು. ಸಣ್ಣ ಧೂಳನ್ನೂ ತಡೆಯುವ ನೇರಳೆ ಬಣ್ಣದ್ದು ಒಂದೇ ಜೊತೆ ಉಳಿದಿತ್ತು. ಗಿರಣಿಯವರು ಹಿಟ್ಟಿನ ಧೂಳಿಗೆ ಹಾಕಿಕೊಳ್ಳುವ ಬೂದು ಬಣ್ಣದವು ಬೇಕಾದಷ್ಟಿದ್ದವು. ಒಂದು ತಾಸು ಕೂತು ಹೋಗುವವರಿಗೆ ಇದೇ ಸಾಕು ಎಂದುಕೊಂಡು ಬೂದು ಜೊತೆಯನ್ನೇ ಈರಮ್ಮನ ಮಾಸ್ಕಿಗೆ ತಿರುಗಿಸಿ ಕೂರಿಸಿದಳು. ಒಳಗೆ ಹೋಗಿ ನೇರಳೆ ಜೊತೆಯನ್ನು ತಾನು ಹಾಕಿಕೊಂಡು, ಕಾಣದಂತೆ ಸೆರಗು ಹೊದ್ದುಕೊಂಡಳು.

ಈರಮ್ಮ ತಂದದ್ದು ಸಿಹಿ ಸುದ್ದಿ. ಸೊಸೆಗೆ ಮೂರು ತಿಂಗಳು. ಒಂದು ತಾಸಲ್ಲ, ಕೆಮ್ಮುತ್ತಲೇ ಸಂಜೆಯವರೆಗೂ ಅದನ್ನೇ ಮಾತಾಡಿದರು.

ಕರೆದೊಯ್ಯಲು ತಮ್ಮ ಗಂಡ ಬಂದಾಗ, ಬಾಯಿಗೆ ಸಕ್ಕರೆ ಹಾಕಿಸಿಕೊಳ್ಳಲೆಂದು ಈರಮ್ಮ ಮಾಸ್ಕು ತೆಗೆದರು. ತುಟಿ, ಹಲ್ಲು, ನಾಲಿಗೆ ಎಲ್ಲ ಕೆಂಪು. ಸಕ್ಕರೆ ಹಿಡಿದ ಹಂಪಮ್ಮನ ಕೈ ಅಲ್ಲೇ ನಿಂತಿತು.

“ಏನಾತಿದು?” ಗಂಡ ಗಾಬರಿಯಾದ.

ಈರಮ್ಮ ಬೂದು ಫಿಲ್ಟರನ್ನೊಮ್ಮೆ ನೋಡಿ, ಮಾಸ್ಕನ್ನು ಸೆರಗಿನಡಿ ಸರಿಸಿದರು. “ಏನಿಲ್ಲ ಬಿಡ್ರಿ, ಇಬ್ರೂ ಎಲಿ ಅಡಿಕಿ ಹಾಕ್ಕಂಡಿದ್ವಿ. ಪಾಪ, ಅಕ್ಕಾರು ಇದ್ದುದ್ರಾಗ ಚಲೋದ್ನ ಕೊಟ್ರು.”

ಆಮೇಲೆ ತಾವೇ ಒಂದು ಚಿಟಿಕೆ ಸಕ್ಕರೆ ತೆಗೆದುಕೊಂಡು ಕೈ ಚಾಚಿದರು.

“ಈಗ ನೀವು ಬಾಯಿ ತೆಗೀರಿ, ಅಕ್ಕಾರೆ.”

ಹಂಪಮ್ಮ ಸೆರಗು ಸರಿಸಿ, ಮಾಸ್ಕು ಇಳಿಸಿ, ಒಂದು ಚೂರೂ ಕೆಂಪಿಲ್ಲದ ತನ್ನ ಬಾಯಿಯನ್ನು ತೆರೆಯಲೇಬೇಕಾಯಿತು.